ಫ್ಲಿಪ್ಪರ್‌ಗೆ ಒಂದು, ಮಿಕ್ಕದ್ದಕ್ಕೆ ಇನ್ನೊಂದು: ಪಿನ್‌ಬಾಲ್ ಯಂತ್ರಕ್ಕೆ ಯಾವ ರಬ್ಬರ್ ಹಾಕಬೇಕು?

ಕಳೆದ ಎರಡು ತಿಂಗಳಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದ್ದಾರೆ. ಮೂವರೂ ಶಿಕಾಗೋ ಸುತ್ತಮುತ್ತ ಇರುವ ನಮ್ಮವರೇ. ಒಬ್ಬರು ಯಾರದೋ ಗ್ಯಾರೇಜಿನಿಂದ 70ರ ದಶಕದ ಹಳೇ ಪಿನ್‌ಬಾಲ್ ಯಂತ್ರ ಹೊತ್ತು ತಂದಿದ್ದಾರೆ. ಇನ್ನೊಬ್ಬರ ಬೇಸ್‌ಮೆಂಟಿನಲ್ಲಿ 1992ರ ‘ಆಡಮ್ಸ್ ಫ್ಯಾಮಿಲಿ’ ಅನ್ನುವ ಯಂತ್ರ ಇದೆ. ಮೂರನೆಯವರು ಹೊಸ ಯಂತ್ರವನ್ನೇ ಪೆಟ್ಟಿಗೆ ಸಮೇತ ಕೊಂಡವರು. ಪ್ರಶ್ನೆ ಇಷ್ಟೇ: ರಬ್ಬರ್ ಬದಲಿಸಬೇಕು, ಏನು ಹಾಕೋದು? ಕಪ್ಪು ರಬ್ಬರಾ, ಬಿಳಿ ರಬ್ಬರಾ, ಬಣ್ಣಬಣ್ಣದ ಸಿಲಿಕೋನಾ, ಇಲ್ಲಾ ಎಲ್ಲರೂ ಹೊಗಳುವ ಆ ಪಾಲಿಯುರೆಥೇನ್ ಬ್ಯಾಂಡಾ?

ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಪಕ್ಷಪಾತ ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಸುಳ್ಯದ ಕಡೆಯವನು. ಮನೆ ಹಿಂದಿನ ಗುಡ್ಡದ ತುಂಬಾ ರಬ್ಬರ್ ಮರ. ಬೆಳಗಾಗುವ ಮೊದಲೇ ಟ್ಯಾಪಿಂಗ್, ಚಿಪ್ಪಿಗೆ ಹನಿಹನಿಯಾಗಿ ಇಳಿಯುವ ಹಾಲು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಮೆಷಿನ್‌ಗೆ ಕೊಟ್ಟ ಶೀಟು, ಹೊಗೆಗೂಡಿನ ವಾಸನೆ, ಇದೆಲ್ಲ ನೋಡಿಕೊಂಡೇ ಬೆಳೆದವನು. ನನಗೆ ರಬ್ಬರ್ ಅಂದರೆ ಮರದಿಂದ ಬಂದದ್ದು ಮಾತ್ರ. ಹೀಗಿದ್ದೂ ನನ್ನ ಬೇಸ್‌ಮೆಂಟಿನ ಯಂತ್ರದಲ್ಲಿ ಈಗ ಮುಕ್ಕಾಲು ಭಾಗ ಸಿಲಿಕೋನ್ ಕೂತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ರಬ್ಬರ್ ಅಲ್ಲೇನು ಮಾಡುತ್ತದೆ

ಆಡಿ ಗೊತ್ತಿಲ್ಲದವರಿಗೆ ಎರಡು ಮಾತು. ಗಾಜಿನ ಕೆಳಗೆ ಇಳಿಜಾರಾದ ಮರದ ಹಲಗೆ, ಅದಕ್ಕೆ ಪ್ಲೇಫೀಲ್ಡ್ ಅನ್ನುತ್ತಾರೆ. ಅದರ ಮೇಲೆ 27 ಮಿಲಿಮೀಟರ್ ದಪ್ಪದ, 80 ಗ್ರಾಂ ತೂಕದ ಉಕ್ಕಿನ ಗುಂಡು ಓಡುತ್ತದೆ. ನಿಮ್ಮ ಕೈಯಲ್ಲಿರುವುದು ಕೆಳಗಿನ ಎರಡು ಫ್ಲಿಪ್ಪರ್ ಮಾತ್ರ, ಅಂದರೆ ಪಕ್ಕದ ಗುಂಡಿ ಒತ್ತಿದರೆ ಬೀಸಿ ಗುಂಡನ್ನು ಮೇಲಕ್ಕೆ ಹೊಡೆಯುವ ಎರಡು ಚಿಕ್ಕ ತೋಳು. ಗುಂಡು ಫ್ಲಿಪ್ಪರ್ ಮುಟ್ಟದ ಹೊತ್ತಿನಲ್ಲೆಲ್ಲ ಅದರ ಹಣೆಬರಹ ಬರೆಯುವುದು ಕಂಬಗಳಿಗೆ ಸುತ್ತಿದ ರಬ್ಬರ್ ರಿಂಗುಗಳು. ಫ್ಲಿಪ್ಪರಿಗೂ ರಬ್ಬರ್ ಅಂಗಿ ಇರುತ್ತದೆ, ಪೋಸ್ಟುಗಳಿಗೆ, ಅಂದರೆ ಒಂಟಿ ಚಿಕ್ಕ ಕಂಬಗಳಿಗೆ, ರಬ್ಬರಿನ ಚಿಕ್ಕ ತೋಳು, ಗುಂಡನ್ನು ಮೇಲಕ್ಕೆ ತಳ್ಳುವ ಪ್ಲಂಜರಿನ ತುದಿಗೂ ಒಂದು ರಬ್ಬರ್ ಟೋಪಿ.

ಲೆಕ್ಕ ಹಾಕಿದರೆ ಒಂದು ಯಂತ್ರದಲ್ಲಿ ಡಜನ್‌ಗಟ್ಟಲೆ ತುಂಡುಗಳು. ಒಂದೊಂದರ ಕೆಲಸ ಒಂದೊಂದು. ಅದಕ್ಕೇ "ಯಾವ ಕಿಟ್ ತಗೊಳ್ಳಲಿ" ಅನ್ನುವ ಪ್ರಶ್ನೆ ಅರ್ಧ ತಪ್ಪು. ಇಡೀ ಯಂತ್ರಕ್ಕೆ ಒಂದೇ ವಸ್ತು ಹಾಕಬೇಕು ಅಂತ ಯಾರೂ ಹೇಳಿಲ್ಲ. ಫ್ಲಿಪ್ಪರ್‌ಗೆ ನಿಮ್ಮ ಕೈ ಒಪ್ಪಬೇಕು, ಮಿಕ್ಕದ್ದಕ್ಕೆ ನಿಮ್ಮ ಸೋಮಾರಿತನ ಒಪ್ಪಬೇಕು. ನಾನು ಹೇಳುವುದು ಇಷ್ಟೇ, ಆದರೆ ಯಾಕೆ ಅಂತ ನೋಡೋಣ.

ಏನೇನು ನೋಡಬೇಕು

ಮೊದಲನೆಯದು ಪುಟಿತ. ಗುಂಡು ಬಡಿದಾಗ ಎಷ್ಟು ಶಕ್ತಿ ವಾಪಸ್ ಕೊಡುತ್ತದೆ ಅನ್ನುವುದು. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಗಟ್ಟಿತನ ಬೇರೆ, ಪುಟಿತ ಬೇರೆ. ಗಟ್ಟಿತನವನ್ನು ಡ್ಯೂರೋಮೀಟರ್ ಅನ್ನುವ ಚಿಕ್ಕ ಉಪಕರಣ ಒತ್ತಿ ಅಳೆಯುತ್ತಾರೆ, ‘ಶೋರ್ ಎ’ ಅಂತ ಒಂದು ಅಂಕಿ ಬರುತ್ತದೆ, ಅಂಕಿ ಜಾಸ್ತಿಯಾದಷ್ಟೂ ಗಟ್ಟಿ. ಮಾರುವವರು ಅದನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಒಂದೇ ಅಂಕಿಯ ಎರಡು ವಸ್ತು ಒಂದೇ ಥರ ಪುಟಿಯಬೇಕು ಅಂತೇನಿಲ್ಲ. ಮೆತ್ತಗಿದ್ದೂ ಚೆನ್ನಾಗಿ ಪುಟಿಯಬಹುದು, ಗಟ್ಟಿಯಾಗಿದ್ದೂ ಸತ್ತ ಹಾಗಿರಬಹುದು. ಮರದ ರಬ್ಬರಿಗೆ ಹುಟ್ಟಿನಿಂದಲೇ ಪುಟಿಯುವ ಗುಣ ಜಾಸ್ತಿ.

ಎರಡನೆಯದು ಹಿಡಿತ. ಬಂದ ಗುಂಡನ್ನು ಫ್ಲಿಪ್ಪರಿನ ಮೇಲೆ ನಿಲ್ಲಿಸುವುದು, ಒಂದರಿಂದ ಇನ್ನೊಂದಕ್ಕೆ ದಾಟಿಸುವುದು, ಗುರಿ ಇಟ್ಟು ಹೊಡೆಯುವುದು, ಇವೆಲ್ಲ ಪ್ರತಿಸಲವೂ ಒಂದೇ ಥರ ಆಗಬೇಕು. ಹೋದಸಲ ಬಿದ್ದ ಹೊಡೆತ ಈ ಸಲ ಬೀಳದಿದ್ದರೆ ತಪ್ಪು ನನ್ನದಾ, ರಬ್ಬರಿನದಾ ಅನ್ನುವ ಅನುಮಾನ ಬಂದರೆ ಆಟದ ಖುಷಿ ಹೋಯಿತು.

ಮೂರನೆಯದು ಬಾಳಿಕೆ. ಎಷ್ಟು ವರ್ಷ ಅನ್ನುವುದರ ಜೊತೆಗೆ ಹೇಗೆ ಸಾಯುತ್ತದೆ ಅನ್ನುವುದೂ ಮುಖ್ಯ. ಕೆಲವು ನಿಧಾನಕ್ಕೆ ಒಣಗಿ ಬಿರುಕು ಬಿಡುತ್ತವೆ, ಕೆಲವು ಚೆನ್ನಾಗೇ ಇದ್ದು ಒಂದು ದಿನ ಪಟ್ ಅಂತ ಹರಿಯುತ್ತವೆ.

ನಾಲ್ಕನೆಯದು ಕೊಳೆ. ಐದನೆಯದು ಕಾಸು, ಮತ್ತು ಕಾಸಿಗಿಂತ ದೊಡ್ಡದಾದ ತಾಪತ್ರಯ. ರಿಂಗು ಅಗ್ಗ, ಆದರೆ ಅದನ್ನು ಹಾಕಲು ಮೇಲಿನ ಪ್ಲಾಸ್ಟಿಕ್, ಗುಂಡು ಹತ್ತಿ ಹೋಗುವ ರ‍್ಯಾಂಪ್, ಬಲ್ಬು ಎಲ್ಲ ಬಿಚ್ಚಬೇಕು. 90ರ ದಶಕದ ಯಂತ್ರವಾದರೆ ಒಂದಿಡೀ ಶನಿವಾರ ಹೋಯಿತು ಅಂತಲೇ ಲೆಕ್ಕ. ಅಂದ ಚೆಂದವೂ ಒಂದು ಅಂಶ, ಅದು ನಿಮ್ಮ ನಿಮ್ಮ ರುಚಿ.

ಕಪ್ಪು ರಬ್ಬರ್

ರಬ್ಬರಿಗೆ ಮಸಿಯಂಥ ಇಂಗಾಲದ ಪುಡಿ ಬೆರೆಸಿದರೆ ಕಪ್ಪು ರಬ್ಬರ್. ಅದರಿಂದ ಸವೆತ ಕಡಿಮೆ, ಗಟ್ಟಿತನ ಜಾಸ್ತಿ, ಪುಟಿತ ಸ್ವಲ್ಪ ತಗ್ಗುತ್ತದೆ. ವಾಹನದ ಟೈರು ಕಪ್ಪಗಿರುವುದೂ ಇದೇ ಕಾರಣಕ್ಕೆ. ವೇಗದ ಆಟಕ್ಕೆ ಇದು ಹೇಳಿ ಮಾಡಿಸಿದ್ದು. ಗುಂಡು ಜೋರಾಗಿ ಬಂದರೂ ಫ್ಲಿಪ್ಪರ್ ಅದನ್ನು ನುಂಗಿಕೊಳ್ಳುತ್ತದೆ, ಹುಚ್ಚುಹುಚ್ಚಾಗಿ ಹಾರಿಸುವುದಿಲ್ಲ.

ಕಷ್ಟ ಏನೆಂದರೆ ಪುಡಿ. ಗುಂಡು ಉಜ್ಜಿ ಉಜ್ಜಿ ಕಪ್ಪು ಪುಡಿ ಉದುರುತ್ತದೆ, ಪ್ಲೇಫೀಲ್ಡಿನ ಮೇಲೆ ಗುಂಡು ಓಡುವ ದಾರಿಯಲ್ಲೆಲ್ಲ ಬೂದು ಗೆರೆ ಬೀಳುತ್ತದೆ. ಬಿಳಿ ಬನಿಯನ್ ಹರಿದು ಮಾಡಿದ ಬಟ್ಟೆಯಲ್ಲಿ ನಾನು ಒಂದುಸಲ ಫ್ಲಿಪ್ಪರ್ ಮೇಲಿರುವ, ಗುಂಡನ್ನು ಒದೆಯುವ ತ್ರಿಕೋನದ ಸ್ಲಿಂಗ್‌ಶಾಟ್ ಸುತ್ತ ಒರೆಸಿದೆ. ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳ ಒರೆಸಿದ ಹಾಗಿತ್ತು ಬಟ್ಟೆ. ಇದು ಬರೀ ನೋಟದ ಪ್ರಶ್ನೆ ಅಲ್ಲ. ಕೊಳೆ ಹೊತ್ತ ಗುಂಡು ಪ್ಲೇಫೀಲ್ಡಿನ ಮೇಲೆ ಉಜ್ಜುಕಾಗದದ ಥರ ಓಡುತ್ತದೆ. ಹಾಗಾಗಿ ಕಪ್ಪು ಹಾಕಿದವರು ಒರೆಸುವುದಕ್ಕೆ ಬೇಸರ ಮಾಡಬಾರದು.

ಬೆಲೆಯಲ್ಲಿ ಮಾತ್ರ ಇದನ್ನು ಮೀರಿಸುವುದು ಕಷ್ಟ. ನಾನು ಫ್ಲಿಪ್ಪರ್ ರಿಂಗ್ ಒಂದಕ್ಕೆ ಒಂದು ಡಾಲರಿನ ಆಸುಪಾಸು ಕೊಟ್ಟಿದ್ದೇನೆ. ಇಡೀ ಕಿಟ್ ಇಪ್ಪತ್ತು ಮೂವತ್ತು ಡಾಲರಿನಲ್ಲಿ ಮುಗಿಯಿತು.

ಬಿಳಿ ರಬ್ಬರ್

ಹಳೇ ಯಂತ್ರಗಳ ರಬ್ಬರ್ ಇದು. ಕಪ್ಪಿಗಿಂತ ಚೆನ್ನಾಗಿ ಪುಟಿಯುತ್ತದೆ, ಜೀವಂತ ಅನ್ನಿಸುತ್ತದೆ. ಹಾಕಿದ ದಿನ ಯಂತ್ರಕ್ಕೆ ಹೊಸ ಪಂಚೆ ಉಡಿಸಿದ ಹಾಗೆ ಕಾಣುತ್ತದೆ. ಕೆಲವು ತಿಂಗಳಲ್ಲೇ ಅದೇ ಪಂಚೆ ಗದ್ದೆಗೆ ಇಳಿದು ಬಂದಂತೆ.

ಕಪ್ಪಿಗೂ ಬಿಳಿಗೂ ಇರುವ ಸಮಾನ ಶತ್ರು ಗಾಳಿ. ಗಾಳಿಯಲ್ಲಿ ಚೂರುಪಾರು ಇರುವ ಓಜೋನ್ ರಬ್ಬರಿನ ಕೊಂಡಿಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಅದರಲ್ಲೂ ಎಳೆದು ಬಿಗಿದಿಟ್ಟ ರಬ್ಬರಿಗೆ ಬೇಗ ಬಿರುಕು. ಪಿನ್‌ಬಾಲ್‌ನಲ್ಲಿ ಎಲ್ಲ ರಿಂಗುಗಳೂ ಎಳೆದು ಬಿಗಿದೇ ಕೂತಿರುತ್ತವೆ. ಜೊತೆಗೆ ಕೆಳಗಿನಿಂದ ಬಲ್ಬಿನ ಶಾಖ. ಹಳೇ 44ನೇ ನಂಬರಿನ ಬಲ್ಬು 6.3 ವೋಲ್ಟಿನಲ್ಲಿ 250 ಮಿಲಿಆಂಪ್ ಎಳೆಯುತ್ತದೆ, 47ನೇ ನಂಬರಿನದು 150. ಒಂದೇ ಒಂದು ಬಲ್ಬು ಏನೂ ಅಲ್ಲ, ಆದರೆ ಹತ್ತಾರು ಬಲ್ಬು ಮುಚ್ಚಿದ ಗಾಜಿನ ಕೆಳಗೆ ವರ್ಷಗಟ್ಟಲೆ ಉರಿದರೆ ರಬ್ಬರ್ ನಿಧಾನಕ್ಕೆ ಬೇಯುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಹಳೆಯದಾದಾಗ ಗಟ್ಟಿಯಾಗಿ ವಿಶಲ್ ಬರುವ ಬದಲು ಪಕ್ಕದಿಂದ ಹಬೆ ಬಿಡುತ್ತದಲ್ವಾ, ಅದೇ ಕಥೆ. ಗ್ಯಾರೇಜಿನಿಂದ ಬಂದ ಆ 70ರ ಯಂತ್ರದ ಒಂದು ರಿಂಗನ್ನು ಬೆರಳಲ್ಲಿ ಸ್ವಲ್ಪ ಎತ್ತಿದೆ ಅಷ್ಟೇ, ಚಕ್ಕುಲಿ ಮುರಿದ ಹಾಗೆ ಮೂರು ತುಂಡಾಯಿತು. ತುಂಡುಗಳು ಕಂಬದ ಸುತ್ತ ಹಾಗೇ ಬಾಗಿದ ಆಕಾರದಲ್ಲೇ ಉಳಿದವು.

ಬಲ್ಬುಗಳನ್ನು ಎಲ್‌ಇಡಿ ಮಾಡಿಸಿದ್ದರೆ ಶಾಖದ ಕಾಟ ತುಂಬಾ ಕಡಿಮೆ. ರಬ್ಬರಿನ ಆಯಸ್ಸೂ ಸ್ವಲ್ಪ ಹೆಚ್ಚುತ್ತದೆ.

ಸಿಲಿಕೋನ್

ಇದಕ್ಕೆ ಓಜೋನ್ ಏನೂ ಮಾಡುವುದಿಲ್ಲ. ಬಿಸಿಗೂ ಜಗ್ಗುವುದಿಲ್ಲ, ಚಳಿಗೂ ಜಗ್ಗುವುದಿಲ್ಲ. ಜನವರಿಯಲ್ಲಿ ಸೊನ್ನೆಗಿಂತ ಕೆಳಗಿಳಿಯುವ ಇಲ್ಲಿನ ಗ್ಯಾರೇಜಿನಲ್ಲಿ ಯಂತ್ರ ಇಟ್ಟವರಿಗೆ ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ ಮರದ ರಬ್ಬರ್ ಚಳಿಗೆ ಸೆಟೆದುಕೊಳ್ಳುತ್ತದೆ. ಪುಡಿ ಉದುರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೊಳೆ ಹತ್ತಿದರೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಬಹುದು.

ಬಣ್ಣಗಳೂ ಬೇಕಾದಷ್ಟು. ಕೆಂಪು, ನೇರಳೆ, ಹಸಿರು, ಪಾರದರ್ಶಕ. ಪಾರದರ್ಶಕ ರಿಂಗಿನ ಕೆಳಗೆ ಎಲ್‌ಇಡಿ ಇದ್ದರೆ ರಿಂಗೇ ಹೊಳೆಯುತ್ತದೆ. ಒಂದೆರಡು ಕಡೆ ಚೆನ್ನ, ಎಲ್ಲ ಕಡೆ ಹಾಕಿದರೆ ಮದುವೆ ಚಪ್ಪರದ ಸೀರಿಯಲ್ ಸೆಟ್. ಗುಂಡು ಎಲ್ಲಿದೆ ಅಂತಲೇ ಕಾಣುವುದಿಲ್ಲ.

ಹಾಗಾದರೆ ತೊಂದರೆ ಏನು? ಎರಡು. ಒಂದು, ಸಿಲಿಕೋನಿಗೆ ಹರಿಯುವುದನ್ನು ತಡೆಯುವ ತಾಕತ್ತು ಕಡಿಮೆ. ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಆದರೆ ಒಂದು ಸಣ್ಣ ಗೀರು ಬಿದ್ದರೆ ಅಲ್ಲಿಂದಲೇ ಜಿಪ್ ಬಿಚ್ಚಿದ ಹಾಗೆ ಹರಿದುಕೊಂಡು ಹೋಗುತ್ತದೆ. ನಾನು ಮೊದಲ ಸಲ ಹಾಕುವಾಗ ಬಿಗಿಯಾದ ರಿಂಗೊಂದನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಎಳೆದು ಕೂರಿಸಿದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಯ ಆಗಿರಬೇಕು. ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಮಗಳು ಆಡುತ್ತಿದ್ದಾಗ ಪಟ್ ಅಂತ ಸದ್ದು, ಗುಂಡು ಹೋಗಿ ಪ್ಲಾಸ್ಟಿಕ್ ಕೆಳಗೆ ಸಿಕ್ಕಿಕೊಂಡಿತು. ಒಂದು ರಿಂಗಿಗೋಸ್ಕರ ಮತ್ತೆ ಅರ್ಧ ಯಂತ್ರ ಬಿಚ್ಚಿದ್ದು. ಅಂದಿನಿಂದ ಲೋಹದ ಉಪಕರಣ ಮುಟ್ಟುವುದಿಲ್ಲ, ಬೆರಳೇ ಸಾಕು, ಹೆಚ್ಚೆಂದರೆ ಪ್ಲಾಸ್ಟಿಕ್ ಚಮಚದ ಹಿಡಿ. ನಿಮ್ಮ ಯಂತ್ರದಲ್ಲಿ ಒಡೆದ ಪ್ಲಾಸ್ಟಿಕ್ ಅಂಚು, ಕಿತ್ತ ಪೋಸ್ಟ್ ಇದ್ದರೆ ಮೊದಲು ಅದನ್ನು ಸರಿ ಮಾಡಿ, ಆಮೇಲೆ ಸಿಲಿಕೋನ್ ಯೋಚಿಸಿ.

ಎರಡನೆಯ ತೊಂದರೆ ಫ್ಲಿಪ್ಪರಿನ ಮೇಲೆ. ಮರದ ರಬ್ಬರಿಗೆ ಕೈ ಪಳಗಿದವರಿಗೆ ಸಿಲಿಕೋನ್ ಬೇರೆಯೇ ಅನ್ನಿಸುತ್ತದೆ. ಕೆಟ್ಟದು ಅಂತಲ್ಲ, ಬೇರೆ. ಮೆತ್ತಗಿನದು ಹಾಕಿದರೆ ಗುಂಡು ಹೊಡೆತದ ಹೊತ್ತಿಗೆ ಒಂದು ಕ್ಷಣ ಒಳಗೆ ಇಳಿದು ಹೊರಟ ಹಾಗೆ, ಅದಕ್ಕೆ ತಕ್ಕಂತೆ ಗುಂಡಿ ಒತ್ತುವ ಹೊತ್ತು ಬದಲಿಸಿಕೊಳ್ಳಬೇಕು. ಹದಿನೈದು ಇಪ್ಪತ್ತು ಆಟ ಆಡಿದರೆ ಕೈ ಹೊಂದಿಕೊಳ್ಳುತ್ತದೆ. ಹೊರಗೆ ಬೇರೆ ಯಂತ್ರಗಳಲ್ಲೂ ಆಡುವವರಿಗೆ, ಪಂದ್ಯಕ್ಕೆ ಹೋಗುವವರಿಗೆ ಮಾತ್ರ ಇದು ತಲೆನೋವು. ಅಲ್ಲಿ ಒಂದು, ಮನೆಯಲ್ಲಿ ಒಂದು ಅಂದರೆ ಕೈಗೆ ಗೊಂದಲ.

ಇಲ್ಲಿ ಸಿಲಿಕೋನ್ ಅಂದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಟೈಟನ್. ಯಂತ್ರದ ಹೆಸರು ಹೇಳಿದರೆ ಅದಕ್ಕೆ ಬೇಕಾದ ಅಳತೆಗಳ ಕಿಟ್ ಸಿಗುತ್ತದೆ. ನನಗೆ ಮರದ ರಬ್ಬರಿನ ಕಿಟ್ಟಿಗಿಂತ ಹತ್ತು ಹದಿನೈದು ಡಾಲರ್ ಜಾಸ್ತಿ ಬಿತ್ತು.

ಪಾಲಿಯುರೆಥೇನ್

ಸೂಪರ್‌ಬ್ಯಾಂಡ್ ಅನ್ನುವ ಹೆಸರಲ್ಲಿ ಬರುವ ಫ್ಲಿಪ್ಪರ್ ಬ್ಯಾಂಡ್‌ಗಳು ಪಾಲಿಯುರೆಥೇನಿನವು. ಸುಲಭಕ್ಕೆ ಸವೆಯುವುದಿಲ್ಲ, ಹರಿಯುವುದಿಲ್ಲ. ಫ್ಲಿಪ್ಪರಿನ ಮೂತಿಯ ಹತ್ತಿರ ಗುಂಡು ಬಡಿದು ಬಡಿದು ರಬ್ಬರಿನಲ್ಲಿ ಗುಳಿ ಬೀಳುತ್ತದೆ, ಆ ಗುಳಿಗೆ ತಾಗಿದ ಗುಂಡು ಗುರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಇದರಲ್ಲಿ ಹಾಗೆ ಗುಳಿ ಬೀಳುವುದು ಬಹಳ ನಿಧಾನ. ಪುಟಿತ ಕಡಿಮೆ ಅನ್ನಿಸುತ್ತದೆ, ಗುಂಡು ಹಿಡಿದು ನಿಲ್ಲಿಸುವುದು ಸುಲಭ. ದಿನವಿಡೀ ಆಡುವ ಅಂಗಡಿ ಯಂತ್ರಕ್ಕೆ, ಅಥವಾ ಮನೆ ತುಂಬ ಮಕ್ಕಳಿರುವವರಿಗೆ ಒಳ್ಳೆಯದು.

ಹಾಕುವುದು ಮಾತ್ರ ಕುಸ್ತಿ. ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿದರೆ ಸ್ವಲ್ಪ ಬಗ್ಗುತ್ತದೆ. ನಾನು ನೋಡಿದಾಗ ಒಂದಕ್ಕೆ ನಾಲ್ಕೈದು ಡಾಲರ್ ಇತ್ತು. ನನಗೆ ವೈಯಕ್ತಿಕವಾಗಿ ಇದರ ಸ್ಪರ್ಶ ಸಪ್ಪೆ ಅನ್ನಿಸುತ್ತದೆ, ಉಪ್ಪಿಲ್ಲದ ಸಾರಿನ ಹಾಗೆ. ಆದರೆ ನನಗಿಂತ ಚೆನ್ನಾಗಿ ಆಡುವವರು ಇದನ್ನೇ ಹಾಕಿದ್ದಾರೆ, ಹಾಗಾಗಿ ನನ್ನ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ.

ಜಾಗಕ್ಕೆ ತಕ್ಕ ಹಾಗೆ

ಈಗ ಯಂತ್ರದ ಒಂದೊಂದೇ ಜಾಗ ನೋಡೋಣ. ನನ್ನ ಪ್ರಕಾರ ತೀರ್ಮಾನ ಆಗಬೇಕಾದದ್ದು ಇಲ್ಲೇ.

ಕೆಳಗಿನ ಎರಡು ಫ್ಲಿಪ್ಪರ್ ಬಗ್ಗೆ ಒಂದು ಪರೀಕ್ಷೆ ಹೇಳುತ್ತೇನೆ. ಗುಂಡು ಎಡ ಫ್ಲಿಪ್ಪರಿನ ಕಡೆ ಬೀಳುತ್ತಾ ಬರುತ್ತಿದೆ ಅಂದುಕೊಳ್ಳಿ. ಹೊಸಬರು ಗಾಬರಿಯಲ್ಲಿ ಗುಂಡಿ ಒತ್ತುತ್ತಾರೆ. ಪಳಗಿದವರು ಸುಮ್ನೆ ಕೈ ಕಟ್ಟಿ ನಿಲ್ಲುತ್ತಾರೆ, ಗುಂಡು ಸುಮ್ಮನಿರುವ ಎಡ ಫ್ಲಿಪ್ಪರಿಗೆ ಬಡಿದು ತಾನೇ ಪುಟಿದು ಬಲ ಫ್ಲಿಪ್ಪರಿಗೆ ದಾಟುತ್ತದೆ. ಅಲ್ಲಿ ಅದನ್ನು ಹಿಡಿದು ನಿಲ್ಲಿಸಿಕೊಳ್ಳುವುದು. ಇದಕ್ಕೆ ಡೆಡ್ ಬೌನ್ಸ್ ಅಂತ ಹೆಸರು. ರಬ್ಬರ್ ಅತಿಯಾಗಿ ಪುಟಿದರೆ ಗುಂಡು ಬಲ ಫ್ಲಿಪ್ಪರನ್ನೂ ದಾಟಿ ಸ್ಲಿಂಗ್‌ಶಾಟ್‌ಗೆ ಬಡಿಯುತ್ತದೆ. ಪುಟಿತವೇ ಇಲ್ಲದಿದ್ದರೆ ನಡುವಿನ ಸಂದಿಯಲ್ಲಿ ಇಳಿದು ಹೋಗುತ್ತದೆ, ನೀವು ನೋಡುತ್ತಾ ನಿಂತಿರುತ್ತೀರಿ. ಇಪ್ಪತ್ತು ಸಲ ಹೀಗೆ ಬಿಟ್ಟು ನೋಡಿ, ಎಷ್ಟು ಸಲ ಸರಿಯಾಗಿ ದಾಟಿತು ಅಂತ ಎಣಿಸಿ. ಡ್ಯೂರೋಮೀಟರ್ ಅಂಕಿಗಿಂತ ಈ ಎಣಿಕೆ ನಿಮಗೆ ಜಾಸ್ತಿ ಹೇಳುತ್ತದೆ.

ನನ್ನ ಯಂತ್ರದಲ್ಲಿ ಒಂದು ವಾರ ಎಡಕ್ಕೆ ಕಪ್ಪು ರಬ್ಬರ್, ಬಲಕ್ಕೆ ಸಿಲಿಕೋನ್ ಹಾಕಿ ಆಡಿದೆ. ಕೊನೆಗೆ ಎರಡೂ ಕಡೆ ಕಪ್ಪು ರಬ್ಬರಿಗೇ ವಾಪಸ್ ಬಂದೆ. ಪುಡಿ ಉದುರುತ್ತದೆ ನಿಜ, ಆದರೆ ಎರಡೇ ರಿಂಗಿನಿಂದ ಎಷ್ಟು ಉದುರೀತು? ಬದಲಿಸುವುದಕ್ಕೂ ಗಾಜು ತೆಗೆದರೆ ಸಾಕು, ಎರಡು ನಿಮಿಷದ ಕೆಲಸ. ಅದಕ್ಕೇ ಫ್ಲಿಪ್ಪರ್ ವಿಷಯದಲ್ಲಿ ಬಾಳಿಕೆಗೆ ತಲೆ ಕೆಡಿಸಿಕೊಳ್ಳಬೇಡಿ, ಕೈಗೆ ಒಪ್ಪುವುದನ್ನು ಹಾಕಿ.

ಸ್ಲಿಂಗ್‌ಶಾಟ್ ಅಂದರೆ ಫ್ಲಿಪ್ಪರ್‌ಗಳ ಮೇಲಿನ ಎರಡು ತ್ರಿಕೋನ. ರಿಂಗಿನ ಹಿಂದೆ ಎರಡು ತೆಳು ಪಟ್ಟಿಯ ಸ್ವಿಚ್ ಇರುತ್ತವೆ. ಗುಂಡು ಬಡಿದು ರಿಂಗು ಒಳಗೆ ಬಾಗಿದರೆ ಸ್ವಿಚ್ ಮುಚ್ಚಿ, ಕಾಯಿಲ್ (ವಿದ್ಯುತ್ಕಾಂತದ ಸುರುಳಿ) ಗುಂಡನ್ನು ಒದೆಯುತ್ತದೆ. ರಿಂಗಿನ ವಸ್ತು ಬದಲಾದರೆ ಬಿಗಿಯೂ ಬದಲಾಗುತ್ತದೆ. ತುಂಬಾ ಬಿಗಿ ಆದರೆ ಮೆತ್ತಗೆ ಬಡಿದದ್ದು ಸ್ವಿಚ್‌ಗೆ ಗೊತ್ತೇ ಆಗುವುದಿಲ್ಲ. ಸಡಿಲ ಆಗಿ ರಿಂಗು ಸ್ವಿಚ್ಚಿಗೇ ಒರಗಿದರೆ ಗುಂಡು ಇಲ್ಲದೆಯೂ ಟಕಟಕ ಒದೆಯುತ್ತಲೇ ಇರುತ್ತದೆ. ಏನೇ ಹಾಕಿದರೂ ಸ್ವಿಚ್ ಪಟ್ಟಿಯ ಅಂತರ ಮತ್ತೆ ಸರಿಮಾಡಿ. "ಸಿಲಿಕೋನ್ ಹಾಕಿದ ಮೇಲೆ ಆಟ ಸತ್ತುಹೋಯಿತು" ಅಂತ ಗೊಣಗುವ ಅರ್ಧ ಜನ ಇದನ್ನು ಮಾಡಿರುವುದಿಲ್ಲ ಅಂತ ನನ್ನ ಅನುಮಾನ.

ಔಟ್‌ಲೇನ್, ಅಂದರೆ ಪಕ್ಕದಲ್ಲಿ ಗುಂಡು ಕಳೆದುಹೋಗುವ ಓಣಿ. ಅದರ ಬಾಯಿಯ ಪೋಸ್ಟಿಗೆ ಹಾಕುವ ತೋಳು ಒಂದಿಷ್ಟು ದಪ್ಪಗಿದ್ದರೂ ಓಣಿಯ ಬಾಯಿ ಚಿಕ್ಕದಾಗಿ ಆಟ ಸುಲಭವಾಗುತ್ತದೆ. ಒಣಗಿ ಕುಗ್ಗಿದ ತೋಳು ಇದ್ದರೆ ಕಷ್ಟವಾಗುತ್ತದೆ. ಮಕ್ಕಳು ಆಡುವ ಮನೆಯಾದರೆ ಇಲ್ಲಿ ಚೆನ್ನಾಗಿ ಪುಟಿಯುವ, ದಪ್ಪ ತೋಳು ಹಾಕಿ, ಅವರ ಮುಖ ನೋಡಿ.

ಪ್ಲಂಜರ್ ತುದಿಯ ಟೋಪಿ ಯಾರ ಗಮನಕ್ಕೂ ಬರುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲ್ ಜೂಜು ಅಂತ ದಶಕಗಟ್ಟಲೆ ನಿಷೇಧ ಇತ್ತು. 1976ರಲ್ಲಿ ಪಿನ್‌ಬಾಲ್ ಆಟದಲ್ಲಿ ಪಳಗಿದ ರೋಜರ್ ಶಾರ್ಪ್ ನಗರಸಭೆಯವರ ಎದುರು ಆಡಿ ತೋರಿಸಿ, ಪ್ಲಂಜರ್ ಎಳೆಯುವ ಮೊದಲೇ ಗುಂಡು ಯಾವ ಓಣಿಗೆ ಹೋಗುತ್ತದೆ ಅಂತ ಹೇಳಿ, ಅದೇ ಓಣಿಗೆ ಕಳಿಸಿದರು. ಇದು ಅದೃಷ್ಟ ಅಲ್ಲ, ಕೈಚಳಕ ಅಂತ ಒಪ್ಪಿ ನಿಷೇಧ ತೆಗೆದರು. ಆ ತುದಿಯ ರಬ್ಬರ್ ಒಂದು ಕಡೆ ಸವೆದು ಓರೆಯಾಗಿದ್ದರೆ ಅವರಿಗೂ ಅದು ಕಷ್ಟವೇ ಆಗುತ್ತಿತ್ತು. ನಿಮ್ಮದನ್ನೂ ಒಂದುಸಲ ನೋಡಿ.

ಮಿಕ್ಕದ್ದು, ಅಂದರೆ ರ‍್ಯಾಂಪಿನ ಕೆಳಗೆ, ಮೂಲೆಯಲ್ಲಿ, ಕೈ ಹೋಗದ ಜಾಗಗಳಲ್ಲಿ ಇರುವ ರಿಂಗುಗಳು. ಇಲ್ಲಿ ಸಿಲಿಕೋನ್ ಹಾಕಿ ಮರೆತುಬಿಡಿ. ವರ್ಷಗಟ್ಟಲೆ ಬಿಚ್ಚುವ ಕೆಲಸ ಉಳಿಯಿತು ಅಂದರೆ ಆ ಹತ್ತು ಹದಿನೈದು ಡಾಲರ್ ಯಾವ ಲೆಕ್ಕ!

ಆ ಮೂವರಿಗೆ ಹೇಳಿದ್ದು

70ರ ಯಂತ್ರದವರಿಗೆ ಬಿಳಿ ರಬ್ಬರ್ ಅಂದೆ. ಅದರ ಕಾರಣ ನೆನಪಿನ ಮೋಹ ಅಲ್ಲ. ಆ ಕಾಲದ ಎಲೆಕ್ಟ್ರೋಮೆಕ್ಯಾನಿಕಲ್, ಅಂದರೆ ಚಿಪ್ ಇಲ್ಲದೆ ಸ್ವಿಚ್ಚು ರಿಲೇಗಳಲ್ಲೇ ನಡೆಯುವ, ಯಂತ್ರಗಳಿಗೆ ಸಾಮಾನ್ಯವಾಗಿ ಮೂರೂವರೆ ಡಿಗ್ರಿಯಷ್ಟೇ ಇಳಿಜಾರು, ಈಗಿನವಕ್ಕೆ ಆರೂವರೆ. ಗುಂಡು ನಿಧಾನ, ಫ್ಲಿಪ್ಪರಿಗೂ ಬಲ ಕಡಿಮೆ, ರ‍್ಯಾಂಪ್ ಇಲ್ಲ. ಮೇಲಿನ ಓಣಿಗಳ ಹತ್ತಿರ ಗುಂಡು ಆ ಕಂಬಕ್ಕೆ ಈ ಕಂಬಕ್ಕೆ ಪುಟಿಯುತ್ತಾ ತೂಗಾಡುವುದೇ ಅಲ್ಲಿ ಆಟ. ಅಲ್ಲಿ ಪುಟಿತ ಕಡಿಮೆಯ ವಸ್ತು ಹಾಕಿದರೆ ಗುಂಡು ಬಿದ್ದುಹೋಗುತ್ತದೆ ಅಷ್ಟೇ. ಬಿಚ್ಚುವುದೂ ಸುಲಭ, ಹಾಗಾಗಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸುವುದು ಭಾರ ಅಲ್ಲ. ಅದೂ ಬೇಡ ಅನ್ನುವವರು ಬಿಳಿ ಬಣ್ಣದ, ಚೆನ್ನಾಗಿ ಪುಟಿಯುವ ಸಿಲಿಕೋನ್ ಹಾಕಲಿ. ಪಾಲಿಯುರೆಥೇನ್ ಅಂತೂ ಬೇಡವೇ ಬೇಡ.

‘ಆಡಮ್ಸ್ ಫ್ಯಾಮಿಲಿ’ಯವರಿಗೆ ಮಿಶ್ರಣ. ಇದು 20,270 ಯಂತ್ರ ಮಾರಾಟವಾದ ಆಟ, ಬಿಡಿಭಾಗಕ್ಕೆ ಬರ ಇಲ್ಲ. ಬಿಚ್ಚುವ ಕೆಲಸ ಮಾತ್ರ ಸಾಕಷ್ಟಿದೆ, ಆದ್ದರಿಂದ ಒಳಗೆಲ್ಲ ಸಿಲಿಕೋನ್, ಕೆಳಗಿನ ಫ್ಲಿಪ್ಪರ್‌ಗೆ ಕಪ್ಪು ರಬ್ಬರ್. ಇದರಲ್ಲಿ ಒಂದು ತಮಾಷೆ ಇದೆ. ಮೇಲಿನ ಎಡ ಫ್ಲಿಪ್ಪರನ್ನು ಕೆಲವೊಮ್ಮೆ ಯಂತ್ರ ತಾನೇ ಬೀಸುತ್ತದೆ, ಗುರಿ ತಪ್ಪಿದರೆ ಮುಂದಿನ ಸಲಕ್ಕೆ ಹೊತ್ತು ತಿದ್ದಿಕೊಳ್ಳುತ್ತದೆ. ಅದರ ರಬ್ಬರ್ ಬದಲಿಸಿದ ಮೇಲೆ ಕೆಲವು ದಿನ ಯಂತ್ರವೂ ನಮ್ಮ ಹಾಗೆ ತಪ್ಪು ಹೊಡೆದು ಕಲಿಯಬೇಕು. ಕೆಟ್ಟಿದೆ ಅಂತ ಗಾಬರಿಯಾಗಬೇಡಿ ಅಂದೆ.

ಹೊಸ ಯಂತ್ರದವರಿಗೆ ಈಗಲೇ ಏನೂ ಮಾಡಬೇಡಿ ಅಂತ ಹೇಳಿದೆ. ಅವರಿಗೆ ಬೇಸರವಾಯಿತು, ನೇರಳೆ ಬಣ್ಣ ಆರಿಸಿಟ್ಟುಕೊಂಡಿದ್ದರು. ಕಾರ್ಖಾನೆಯಿಂದ ಬಂದ ರಬ್ಬರ್ ಹೊಸದೇ ಇದೆ, ಅದನ್ನು ಕಿತ್ತು ಎಸೆಯುವುದು ದುಡ್ಡು ದಂಡ. ಫ್ಲಿಪ್ಪರಿನಲ್ಲಿ ಗುಳಿ ಬಿದ್ದಾಗ ರಿಂಗನ್ನು ಅರ್ಧ ತಿರುಗಿಸಿ ಸವೆಯದ ಕಡೆಯನ್ನು ಮುಂದಕ್ಕೆ ತನ್ನಿ, ಅದೂ ಸವೆದರೆ ಬದಲಿಸಿ. ಬಣ್ಣ ಬೇಕೇ ಬೇಕು ಅಂದರೆ ಕಣ್ಣಿಗೆ ಕಾಣುವ ನಾಲ್ಕೈದು ಪೋಸ್ಟಿಗೆ ನೇರಳೆ ತೋಳು ಹಾಕಿಕೊಳ್ಳಿ, ಆಸೆಯೂ ತೀರುತ್ತದೆ.

ಕೈ ತುಂಬಾ ಬಿಗಿ ಇದ್ದರೆ? ಎರಡು ಫ್ಲಿಪ್ಪರ್ ರಿಂಗ್, ಎರಡು ಸ್ಲಿಂಗ್‌ಶಾಟ್ ರಿಂಗ್, ಒಂದು ಹೊಸ ಗುಂಡು. ಹತ್ತು ಡಾಲರಿನ ಒಳಗೆ ಆಟ ಗುರುತೇ ಸಿಗದಷ್ಟು ಬದಲಾಗುತ್ತದೆ. ಗುಂಡನ್ನು ಯಾಕೆ ಸೇರಿಸಿದೆ ಅಂದರೆ, ಗೀರು ಬಿದ್ದ ಹಳೇ ಗುಂಡು ಹೊಸ ರಬ್ಬರನ್ನು ಅರದ ಹಾಗೆ ಉಜ್ಜುತ್ತದೆ. ಉಗುರಿನಲ್ಲಿ ಸವರಿ ನೋಡಿ, ಒರಟು ಸಿಕ್ಕರೆ ಎಸೆಯಿರಿ.

ಅಳತೆ, ಹಾಕುವುದು

ರಿಂಗಿನ ಅಳತೆ ಅಂದರೆ ಒಳಗಿನ ವ್ಯಾಸ, ಇಂಚಿನಲ್ಲಿ. 90ರ ದಶಕದ ಯಂತ್ರಗಳ ಕೈಪಿಡಿಯಲ್ಲಿ ಯಾವ ಜಾಗಕ್ಕೆ ಯಾವ ಅಳತೆ ಅಂತ ಒಂದು ಪುಟವೇ ಇರುತ್ತದೆ. ಇಲ್ಲದಿದ್ದರೆ ಕಂಬಗಳ ಸುತ್ತ ದಾರ ಸುತ್ತಿ ಅಳೆಯಿರಿ, 3.14ರಿಂದ ಭಾಗಿಸಿ, ಬಂದದ್ದಕ್ಕಿಂತ ಚಿಕ್ಕದನ್ನು ತಗೊಳ್ಳಿ. ದಾರ ಹತ್ತಿಂಚು ಬಂದರೆ ವ್ಯಾಸ 3.2ರ ಹತ್ತಿರ, ಎರಡೂವರೆ ಇಂಚಿನ ರಿಂಗು ಸರಿಯಾಗಿ ಬಿಗಿಯುತ್ತದೆ. ಅದಕ್ಕಿಂತ ಚಿಕ್ಕದನ್ನು ಜಗ್ಗಿ ಹಾಕಿದರೆ ಪುಟಿತವೂ ಹಾಳು, ಆಯಸ್ಸೂ ಕಡಿಮೆ. ಈಗಿನ ಮೂರಿಂಚಿನ ಫ್ಲಿಪ್ಪರಿಗೆ ಒಂದೂವರೆ ಇಂಚಿನ, ಅರ್ಧ ಇಂಚು ಅಗಲದ ರಿಂಗು. ಹಳೇ ಯಂತ್ರದಲ್ಲಿ ಎರಡಿಂಚಿನ ಫ್ಲಿಪ್ಪರ್ ಇರಬಹುದು, ಆರ್ಡರ್ ಮಾಡುವ ಮೊದಲು ಅಳೆಯಿರಿ. ನಾನು ಒಂದುಸಲ ಅಳೆಯದೆ ತರಿಸಿದೆ, ಅಂಗಡಿಯವರು ಕಳಿಸಿದ ಕಿಟ್ಟಿನಲ್ಲೂ ನಾಲ್ಕು ರಿಂಗು ಕಡಿಮೆ ಇತ್ತು, ನಾಲ್ಕು ಡಾಲರಿನ ರಿಂಗಿಗೆ ಅದಕ್ಕಿಂತ ಜಾಸ್ತಿ ಅಂಚೆ ಖರ್ಚು.

ಫ್ಲಿಪ್ಪರ್ ರಿಂಗು ಕೂರಿಸುವಾಗ ಗುಂಡಿನ ನಡು ಎಲ್ಲಿ ತಾಗುತ್ತದೆ ನೋಡಿ. 27 ಮಿಲಿಮೀಟರ್ ಗುಂಡು ಅಂದರೆ ನೆಲದಿಂದ ಹದಿಮೂರೂವರೆ ಎತ್ತರದಲ್ಲಿ. ರಿಂಗಿನ ಅಗಲದ ನಡುಭಾಗ ಅಲ್ಲಿಗೆ ಬಂದರೆ ಸರಿ. ರಿಂಗು ಪ್ಲೇಫೀಲ್ಡನ್ನು ಉಜ್ಜಬಾರದು, ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಆರಾಮಾಗಿ ಜಾರಬೇಕು.

ತೊಳೆಯುವುದಕ್ಕೆ ಸೀಮೆಎಣ್ಣೆ ಜಾತಿಯ ದ್ರಾವಣ ಯಾವುದೂ ಬೇಡ, ರಬ್ಬರ್ ಸಿಲಿಕೋನ್ ಎರಡೂ ಉಬ್ಬುತ್ತವೆ. ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಬಿಚ್ಚಿದ ಫ್ಲಿಪ್ಪರ್ ರಿಂಗು ತೀರಾ ಸವೆದಿಲ್ಲ ಅಂದರೆ ಎಸೆಯಬೇಡಿ. ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎಳೆದು ಕಟ್ಟದೆ, ಯಂತ್ರದ ಕಾಸಿನ ಡಬ್ಬಿಯೊಳಗೆ ಹಾಕಿಡಿ. ರಿಂಗು ಹರಿಯುವುದು ಮನೆ ತುಂಬ ನೆಂಟರು ಬಂದ ಶನಿವಾರ ರಾತ್ರಿಯೇ, ಪಾರ್ಸಲ್ ಬರುವುದು ಬುಧವಾರ.